ಹೋದ ಬೇಸಿಗೆಗೆ ಕಾವಲು

ನಮ್ಮ ಬೀದಿಯ ಹೆಂಗಸರು ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮೊದಲು ಆಕಾಶ ನೋಡುವುದನ್ನು ಬಿಟ್ಟು ನನ್ನ ಪಕ್ಕದ ಮನೆಯ ದೊಡ್ಡಮ್ಮನನ್ನು ಕೇಳಲು ಶುರು ಮಾಡಿದ್ದರು. “ದೊಡ್ಡಮ್ಮ, ಇವತ್ತು ಮಳೆ ಬರುತ್ತಾ?” ಎಂದು ಒಬ್ಬಳು ಬಕೆಟ್ ಹಿಡಿದು ನಿಂತರೆ, “ಈ ವಾರ ಸೆಖೆ ಇಳಿಯುತ್ತಾ?” ಎಂದು ಇನ್ನೊಬ್ಬಳು ಕಿಟಕಿಯಿಂದಲೇ ಕೂಗುತ್ತಿದ್ದಳು. ಅವರ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್‌ಗಳು ಬಿಡುವಿಲ್ಲದೆ ಹವಾಮಾನದ ಲೆಕ್ಕ ಹಾಕುತ್ತಿವೆ ಎಂಬ ಸುದ್ದಿ ಹರಡಿತ್ತು. ನಮ್ಮ ಬೀದಿಯಲ್ಲಿ ಅರ್ಧ ಗೊತ್ತಿರುವ ಸುದ್ದಿಗೇ ಕಾಲು ಜಾಸ್ತಿ.

ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತೇ ಉತ್ತರ ಕೊಡುತ್ತಿದ್ದರು. “ಇದು ನಾಳೆ ವಿಷಯ ಹೇಳಲ್ಲ ಕಣ್ರೇ. ಆ ಬೇಸಿಗೆ ಲೆಕ್ಕ ಹಾಕ್ತಿದೆ.”

“ಅದು ಮುಗಿದುಹೋದ ಬೇಸಿಗೆ ಅಲ್ವಾ? ಮುಗಿದಿದ್ದಕ್ಕೆ ಇನ್ನೇನು ಲೆಕ್ಕ?”

“ನಿಮಗೆ ಮುಗಿದಿದೆ,” ಎಂದು ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಒಳಗೆ ಹೋಗುತ್ತಿದ್ದರು.

ನಾನು ಟೈಲರ್, ಬೀದಿಗೆಲ್ಲ ಟೈಲರ್ ಅಕ್ಕ. ಅವರ ಮುಂದಿನ ಕೋಣೆಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಕಂಪ್ಯೂಟರ್‌ಗಳ ಗುಂಯ್‌ಗುಡುವಿಕೆ, ಈ ಕಡೆ ನನ್ನ ಹೊಲಿಗೆ ಯಂತ್ರದ ಕಟಕಟ. ಪಕ್ಕದ ಮನೆಯ ವಿಷಯದಲ್ಲಿ ಮೂಗು ತೂರಿಸುತ್ತೇನೆ ಎಂದು ನನ್ನನ್ನು ಆಡಿಕೊಳ್ಳುವವರಿದ್ದಾರೆ. ಗೋಡೆ ಅಷ್ಟು ತೆಳ್ಳಗಿದ್ದರೆ ಮೂಗು ತೂರಿಸುವ ಅಗತ್ಯವೇ ಬೀಳುವುದಿಲ್ಲ, ಕಿವಿ ಸಾಕು. ದೊಡ್ಡಮ್ಮ ನನಗೆ ನೆಂಟರೇನಲ್ಲ. ಬೀದಿಗೆಲ್ಲ ಅವರು ದೊಡ್ಡಮ್ಮ, ಹಾಗಾಗಿ ನನಗೂ ದೊಡ್ಡಮ್ಮ.

ಅವರು ಆಸ್ಪತ್ರೆಯ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರದಲ್ಲಿ ಆಯಾ ಆಗಿದ್ದವರು. ಎಂಥ ಹಟಮಾರಿ ಮಗುವನ್ನೂ ಮಲಗಿಸುವುದರಲ್ಲಿ ಎತ್ತಿದ ಕೈ. ಹಾಡು ಗೀಡು ಏನೂ ಇಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಅದರ ಅಂಚನ್ನು ಎರಡೂ ಪಾದಗಳ ಕೆಳಗೆ ಮಡಚಿ ಸಿಕ್ಕಿಸಿ, ಬೆನ್ನ ಮೇಲೆ ಕೈಯಿಟ್ಟರೆ ಮುಗಿಯಿತು. ಹೊಸದಾಗಿ ಸೇರಿದ ಆಯಾಗಳಿಗೆ “ಮೊದಲು ಕಾಲು ಮುಚ್ಚಿ, ಆಮೇಲೆ ಸಮಾಧಾನ ಹೇಳಿ” ಎಂದು ಕಲಿಸುತ್ತಿದ್ದರು. ಕೆಲಸದಿಂದ ನಿವೃತ್ತಿಯಾದರೂ ಕೈಗೆ ನಿವೃತ್ತಿ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ಅವರ ಕಾಲಿಗೆ ತಮ್ಮ ಶಾಲು ಹಾಕಿಬಿಡುತ್ತಿದ್ದರು. ಒಮ್ಮೆ ಮಧ್ಯಾಹ್ನ ನಾನು ಯಂತ್ರದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದೆ. ಎದ್ದು ನೋಡಿದರೆ ಗಿರಾಕಿಯೊಬ್ಬರ ಇನ್ನೂ ಅಂಚು ಹೊಲಿಯದ ಕಿಟಕಿ ಪರದೆ ನನ್ನ ಮೈಮೇಲೆ! ಆ ಗಿರಾಕಿ ಬಾಗಿಲಲ್ಲೇ ನಿಂತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡಮ್ಮ ಮಾತ್ರ, “ಪರದೆ ಬೆಚ್ಚಗಿತ್ತಾ ಇಲ್ವಾ, ಅದನ್ನ ಹೇಳು” ಎಂದಿದ್ದರು.

ಅವರಿಗೆ ಒಬ್ಬನೇ ಮಗ. ರಸ್ತೆಗೆ ಡಾಂಬರು ಹಾಕುವ ತಂಡದ ಮೇಸ್ತ್ರಿ. ಉದ್ದನೆಯ ಆಳು, ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಿ “ನಮಸ್ಕಾರ” ಎನ್ನುತ್ತಿದ್ದ, ಬಾಗಿಲಿಗೋ ನಮಗೋ ಗೊತ್ತಾಗುತ್ತಿರಲಿಲ್ಲ. ಹೆಂಡತಿಗೆ ಕಂಪ್ಯೂಟರ್ ಬರುತ್ತದೆ ಎಂಬುದು ಅವನಿಗೆ ಭಾರೀ ಹೆಮ್ಮೆ. ಯಾವುದೋ ಕಚೇರಿ ಹಳೆಯ ಕಂಪ್ಯೂಟರ್‌ಗಳನ್ನು ತೆಗೆದುಹಾಕುತ್ತಿದೆ ಎಂದು ತಿಳಿದು, ಅವನ್ನು ಹೊತ್ತು ತಂದು, ಮುಂದಿನ ಕೋಣೆಯಲ್ಲಿ ಪ್ಲೈವುಡ್ಡಿನ ಅಡ್ಡಗೋಡೆ ನಿಲ್ಲಿಸಿ, ಅವಳಿಗೊಂದು ಇಂಟರ್‌ನೆಟ್ ಸೆಂಟರ್ ಮಾಡಿಕೊಟ್ಟಿದ್ದ. ಅರ್ಜಿ ತುಂಬುವುದು, ಫೋಟೊ ಅಂಟಿಸುವುದು, ಪ್ರಿಂಟ್ ತೆಗೆಯುವುದು. ಸೊಸೆ ಕೂತರೆ ಕೆಲಸ ಪಟಪಟ. ತಪ್ಪು ಹೇಳಿದವರಿಗೆ ಮುಖ ಮೂತಿ ನೋಡದೆ ಗದರುವವಳು.

ಆ ಬೇಸಿಗೆ ಬಂದಾಗ ನಮಗೆ ಅದು ಬೇರೆ ಥರದ್ದು ಎಂದು ಗೊತ್ತಾಗಲಿಲ್ಲ. ಸೆಖೆ ಎಂದರೆ ಸೆಖೆ, ಪ್ರತಿ ವರ್ಷವೂ ಬೈದುಕೊಂಡು ಕಳೆಯುವುದೇ. ಆದರೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರತೊಡಗಿತು. ಇಸ್ತ್ರಿಪೆಟ್ಟಿಗೆ ಆರಿಸಿದರೂ ಆರುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ದೊಡ್ಡಮ್ಮನ ಮಗ ಕೆಲಸ ಬಿಟ್ಟು ಬೇಗ ಮನೆಗೆ ಬಂದ. ಅವತ್ತು ಯಾವುದೋ ನೇಮಕಾತಿಯ ಅರ್ಜಿಗೆ ಕೊನೆಯ ದಿನ. ಸೆಂಟರಿನ ಮುಂದೆ ನನ್ನ ಅಂಗಡಿಯನ್ನೂ ದಾಟಿ ಜನ ಸಾಲು ನಿಂತಿದ್ದರು. ಅವನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಮಲಗಿದ. ಮೈ ಗಡಗಡ ನಡುಗುತ್ತಿತ್ತು. ನಡುಗುವ ಮೈಯನ್ನು ಕಂಡ ದೊಡ್ಡಮ್ಮನ ಕೈ ತನಗೆ ಗೊತ್ತಿದ್ದನ್ನು ಮಾಡಿತು. ಚಳಿಜ್ವರ ಎಂದುಕೊಂಡು ದಪ್ಪ ರಗ್ಗು ಹೊದಿಸಿದರು. ಪಾದಗಳ ಕೆಳಗೆ ಅಂಚು ಸಿಕ್ಕಿಸಿದರು. ಗಾಳಿ ಬೀಸಬಾರದೆಂದು ಕಿಟಕಿ ಹಾಕಿ ಪಕ್ಕದಲ್ಲೇ ಕೂತರು.

ಸಾಲು ಕರಗಿದ ಮೇಲೆ ಸೊಸೆ ಒಳಗೆ ಹೋಗಿ ಎಬ್ಬಿಸಿದರೆ ಅವನು ಏಳಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು, “ಇವರಿಗೆ ಯಾರು ಹೊದಿಸಿದ್ದು?” ಎಂದು ಕೇಳಿದರು. ಪಾಪ, ಅವರೇನು ಬೈಯಬೇಕೆಂದು ಕೇಳಿದ್ದಲ್ಲ. ಬಿಸಿಲಿನ ಹೊಡೆತಕ್ಕೂ ನಡುಕ ಬರಬಹುದು, ಆಗ ಮೈ ತಣ್ಣಗೆ ಮಾಡಬೇಕು ಎಂದು ಹೇಳುವುದಕ್ಕೆ ಮುಂಚಿನ ಪ್ರಶ್ನೆ ಅದು. ಅವನು ಹೋದ ಮೇಲೆ ಆ ಪ್ರಶ್ನೆ ಅತ್ತೆ ಸೊಸೆಯರ ಜೊತೆ ಮನೆಗೆ ಬಂತು.

ಅತ್ತೆ ಸೊಸೆ ಜಗಳವಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗೋಡೆಯ ಆಚೆ “ಊಟಕ್ಕೆ ಬನ್ನಿ ಅತ್ತೆ”, “ಬಂದೆ ಕಣೇ”, “ಬಾಗಿಲು ಹಾಕ್ಲಾ?”, “ಹಾಕು” ಇಷ್ಟೇ ಕೇಳಿಸುತ್ತಿತ್ತು. ಆ ಮಧ್ಯಾಹ್ನದ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಸೊಸೆ ಒಮ್ಮೆ ರವಿಕೆಗೆ ಅಳತೆ ಕೊಡಲು ಬಂದವಳು, ನಾನು ಟೇಪು ಸುತ್ತಿ ನಿಂತಿರುವಾಗ ಹೇಳಿದಳು. “ಅಕ್ಕ, ನಾನು ಗೋಡೆ ಆಚೆ ಕೂತಿದ್ದೆ. ನನ್ನ ಯಾಕೆ ಕರೀಲಿಲ್ಲ ಅಂತ ಅತ್ತೇನ ಕೇಳ್ಬೇಕು ಅನ್ಸುತ್ತೆ. ಕೇಳಿದ್ರೆ ಬೈದ ಹಾಗಾಗುತ್ತೆ.” ಅವಳ ಹೆಗಲು ಎಷ್ಟು ಇಳಿದಿತ್ತೆಂದರೆ ಹಳೆಯ ಅಳತೆ ಸರಿಹೋಗಲಿಲ್ಲ.

ದೊಡ್ಡಮ್ಮ ಹೊದಿಸುವುದನ್ನೇ ಬಿಟ್ಟರು. ಯಾರಾದರೂ ಕೈಗೂಸನ್ನು ಕೊಡಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಚಳಿಗಾಲದಲ್ಲಿ ತಾವೂ ಏನೂ ಹೊದೆಯದೆ ಮುದುಡಿ ಮಲಗುತ್ತಾರೆ ಎಂದು ಸೊಸೆ ಹೇಳಿದಳು.

ಅಷ್ಟರಲ್ಲಿ ಸೆಂಟರಿಗೆ ಬರುವವರು ಕಡಿಮೆಯಾಗಿದ್ದರು. ಎಲ್ಲರ ಕೈಯಲ್ಲೂ ಫೋನು, ಕಂಪ್ಯೂಟರ್‌ಗಳಿಗೆ ಬಟ್ಟೆ ಮುಚ್ಚಿ ಇಡುವ ಸ್ಥಿತಿ. ಆಗಲೇ ಸೊಸೆಗೆ ಈ ಕೆಲಸ ಕಣ್ಣಿಗೆ ಬಿತ್ತು. ಹವಾಮಾನದ ವಿಜ್ಞಾನಿಗಳು ಆ ಬೇಸಿಗೆಯನ್ನೇ ಅಧ್ಯಯನ ಮಾಡುತ್ತಿದ್ದರು. ಅವರ ಲೆಕ್ಕ ಎಷ್ಟು ದೊಡ್ಡದೆಂದರೆ ಅವರ ಹತ್ತಿರ ಇರುವ ಯಂತ್ರಗಳು ಸಾಲವು. ಹಾಗಾಗಿ ಅದನ್ನು ತುಂಡುತುಂಡು ಮಾಡಿ, ಮನೆಮನೆಯಲ್ಲಿ ಸುಮ್ಮನೆ ಕೂತಿರುವ ಕಂಪ್ಯೂಟರ್‌ಗಳಿಗೆ ಕಳಿಸುತ್ತಾರೆ. ಇಷ್ಟವಿದ್ದವರು ತಮ್ಮ ಯಂತ್ರ ಬಿಟ್ಟುಕೊಡಬಹುದು, ಕೂಲಿ ಗೀಲಿ ಇಲ್ಲ. ಸೊಸೆ ಎಲ್ಲವನ್ನೂ ಬಿಟ್ಟುಕೊಟ್ಟಳು.

ನನಗೆ ಅವಳು ವಿವರಿಸಿದ್ದು ಹೀಗೆ. ಯಂತ್ರದೊಳಗೆ ಆ ವರ್ಷದ ಗಾಳಿ, ಮೋಡ, ಬಿಸಿಲು ಎಲ್ಲವನ್ನೂ ಮತ್ತೆ ಮೊದಲಿನಿಂದ ನಡೆಸುತ್ತಾರೆ. ಒಂದು ಸಲ ಅಲ್ಲ, ಸಾವಿರಾರು ಸಲ, ಪ್ರತಿ ಸಲವೂ ಶುರುವಿನಲ್ಲಿ ಒಂಚೂರು ಬದಲಾಯಿಸಿ. ಕೆಲವು ಲೆಕ್ಕಗಳಲ್ಲಿ ಇರುವುದು ನಮ್ಮ ಲೋಕ, ಕಾರ್ಖಾನೆ ಗಾಡಿಗಳ ಹೊಗೆಯೆಲ್ಲ ಸೇರಿ ಕಾದಿರುವುದು. ಇನ್ನು ಕೆಲವದರಲ್ಲಿ ಆ ಹೊಗೆ ಏಳಲೇ ಇಲ್ಲ ಎಂದಿಟ್ಟುಕೊಂಡ ಲೋಕ. ಕೊನೆಗೆ ಯಾವ ಲೋಕದಲ್ಲಿ ಅಂಥ ಸೆಖೆ ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ.

“ಒಂದೇ ಅಂಗೀನ ಬಿಚ್ಚಿ ಬಿಚ್ಚಿ ಹೊಲಿದ ಹಾಗೆ,” ಎಂದೆ.

“ಹಾಗೇ ಅಕ್ಕ. ಪ್ರತಿ ಸಲ ಅಳತೆ ಒಂದು ನೂಲು ಆಚೆ ಈಚೆ.”

ಇಷ್ಟು ಚೆನ್ನಾಗಿ ನನಗೆ ಹೇಳಿದವಳು ಅತ್ತೆಗೆ ಮಾತ್ರ ಸರಿಯಾಗಿ ಹೇಳಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಿಂತು “ಇದೇನು ಮಾಡ್ತಿದೆ?” ಎಂದಾಗ ಯಾರದೋ ಅರ್ಜಿ ತುಂಬುತ್ತಿದ್ದವಳು ತಿರುಗದೆಯೇ, “ಆ ಬೇಸಿಗೆ ಅಷ್ಟು ಸುಡೋದಕ್ಕೆ ಯಾರು ಕಾರಣ ಅಂತ ನೋಡ್ತಿದೆ ಅತ್ತೆ,” ಎಂದುಬಿಟ್ಟಳು. ಯಾರು ಕಾರಣ ಎಂಬ ಮಾತು ದೊಡ್ಡಮ್ಮನ ಎದೆಯಲ್ಲಿ ಹೋಗಿ ಕೂತಿತು.

ಅಂದಿನಿಂದ ಅವರು ಆ ಯಂತ್ರಗಳ ಕಾವಲಿಗೆ ನಿಂತರು. ಬಣ್ಣ ಹಚ್ಚುವ ಬ್ರಶ್ಶಿನಿಂದ ಫ್ಯಾನುಗಳ ಧೂಳು ತೆಗೆಯುವುದು, ಬೆಕ್ಕನ್ನು ಓಡಿಸುವುದು, ಸ್ವಿಚ್ಚಿನ ಹತ್ತಿರ ಯಾರ ಕೈ ಹೋದರೂ “ಏಯ್!” ಎನ್ನುವುದು. ಮೂಲೆಯಲ್ಲಿದ್ದ ಯಂತ್ರದ ಮೇಲೆ ಅವರಿಗೆ ವಿಶೇಷ ಮಮತೆ. ಅದರ ಪರದೆಯಲ್ಲಿ ಲೆಕ್ಕ ಮುಂದೆ ಹೋದಷ್ಟೂ ಒಂದು ಹಸಿರು ಪಟ್ಟಿ ಉದ್ದವಾಗುತ್ತಿತ್ತು. ಅದರ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ದೊಡ್ಡಮ್ಮನಿಗೆ ಹೊತ್ತುಹೋಗಲು ಏನೋ ಸಿಕ್ಕಿತು ಎಂದು ಬೀದಿಯೆಲ್ಲ ಖುಷಿಪಟ್ಟಿತು. ನಾನೂ ಪಟ್ಟೆ.

ಒಂದು ದಿನ ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಲಂಗದ ಅಂಚು ಮಡಚುತ್ತಿದ್ದಾಗ ಬಂದು ಕೂತರು. “ಅವಳು ನಿನಗೆ ಹೇಳಿದ್ದೆಲ್ಲ ಗೋಡೆ ಆಚೆ ನನಗೂ ಕೇಳಿಸ್ತು. ಹೊಗೆ ಇಲ್ಲದ ಲೋಕದಲ್ಲೂ ಆ ಸೆಖೆ ಬಂದಿತ್ತು ಅಂತಾದ್ರೆ, ಆಗ ತಪ್ಪು ಯಾರದು?”

ಸೂಜಿ ತೆಗೆದು, “ಆಗ ಯಾರದೂ ಅಲ್ಲ ದೊಡ್ಡಮ್ಮ,” ಎಂದೆ.

“ಅಲ್ಲ. ಆಗ ರಗ್ಗಿಂದು. ಹೊದಿಸಿದ ಕೈದು.” ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ಹೊಗೆಯಿಂದ ಅಂತಾದ್ರೆ ನಾನು ಬಚಾವು. ಅದು ಹೇಳೋವರೆಗೂ ಕಾಯ್ತೀನಿ. ಅವಳಿಗೆ ಹೇಳ್ಬೇಡ, ನನ್ನಾಣೆ.”

ನನಗೆ ಆಗ ಅರ್ಥವಾಯಿತು. ಸೊಸೆಗೆ ಅದು ಲೆಕ್ಕ ಮಾಡುವ ಡಬ್ಬಿ, ಅತ್ತೆಗೆ ನ್ಯಾಯಾಲಯ. ಮಗನನ್ನು ಕೊಂದೆನೋ ಇಲ್ಲವೋ ಎಂಬುದಕ್ಕೆ ಅವರು ಆ ಹಸಿರು ಪಟ್ಟಿಯ ತುದಿಯಲ್ಲಿ ತೀರ್ಪು ಕಾಯುತ್ತಿದ್ದರು. ನನ್ನಂಥ ಬಾಯಿಬಡುಕಿಗೆ ಆಣೆ ಹಾಕಿ ಬಾಯಿ ಹೊಲಿದದ್ದು ಯಾವ ಸೀಮೆಯ ನ್ಯಾಯವೋ!

ಮುಂದಿನ ಬೇಸಿಗೆಯೂ ಸುಟ್ಟಿತು. ಈ ಸಲ ಆರೋಗ್ಯ ಇಲಾಖೆಯವರು ಮೊದಲೇ ಮನೆಮನೆಗೆ ಬಂದು, ಬಿಸಿಲು ತಾಗಿದವರನ್ನು ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ ಎಂದು ಹೇಳಿಕೊಟ್ಟರು. ದೊಡ್ಡಮ್ಮ ಅವರನ್ನು ತಡೆದು ನಿಲ್ಲಿಸಿ ಎರಡೆರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದರು.

ಆಮೇಲೆ ಒಂದು ಮಧ್ಯಾಹ್ನ ಸೊಸೆ ಶಾಲೆಯೊಂದಕ್ಕೆ ಪ್ರಿಂಟ್ ಕೊಟ್ಟುಬರಲು ಹೋಗಿದ್ದಳು. ಮೂಲೆಯ ಯಂತ್ರದ ಹಸಿರು ಪಟ್ಟಿ ತುದಿ ಮುಟ್ಟಲು ಸ್ವಲ್ಪವೇ ಬಾಕಿ ಇತ್ತು. ಸೆಖೆಗೆ ಅದರ ಫ್ಯಾನು ಜೋರಾಗಿ ಏದುಸಿರು ಬಿಡುವುದು ಗೋಡೆಯ ಈಚೆ ನನಗೂ ಕೇಳಿಸುತ್ತಿತ್ತು. ಆಮೇಲೆ “ಫಟ್” ಎಂದಿತು. ಮನೆಯ ಕರೆಂಟು ಹೋಯಿತು. ಸುಟ್ಟ ವಾಸನೆ ಬಂತು. ನಾನು ಕತ್ತರಿ ಬಿಸಾಕಿ ಓಡಿದೆ.

ಡಬ್ಬಿಯ ಮೇಲೆ ಒದ್ದೆ ಟವೆಲ್ಲು. ಅಂಚನ್ನು ಅಚ್ಚುಕಟ್ಟಾಗಿ ಕೆಳಗೆ ಸಿಕ್ಕಿಸಿದ್ದರು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ದೊಡ್ಡಮ್ಮ ತಮ್ಮ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದರು.

“ಮೈ ಸುಡ್ತಿತ್ತು ಕಣೇ ಅದಕ್ಕೆ,” ಎಂದರು. “ಈ ಸಲ ಸರಿಯಾಗೇ ಮಾಡಿದ್ದೆ. ಒದ್ದೆ ಬಟ್ಟೇನೇ ಹಾಕಿದ್ದೆ.”

ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮುಚ್ಚಿಟ್ಟುಕೊಂಡು ಏನು ಪ್ರಯೋಜನ!

ಸೊಸೆ ಬಂದಳು. ಮೇನ್ ಸ್ವಿಚ್ ಆರಿಸಿ, ಟವೆಲ್ ತೆಗೆದು, ಸ್ಕ್ರೂ ಬಿಚ್ಚಿ ಒಳಗೆ ನೋಡಿದಳು. ನೀರು ಒಳಗೆಲ್ಲ ಇಳಿದಿತ್ತು. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, “ಹೋಗ್ಲಿ ಬಿಡಿ ಅತ್ತೆ,” ಎಂದಳು. “ಇದರ ಜೊತೆ ಏನೂ ಮುಳುಗಿಹೋಗಿಲ್ಲ. ಇಂಥ ಲೆಕ್ಕ ಸಾವಿರಾರು ಮನೇಲಿ ನಡೀತಿದೆ. ಇಲ್ಲಿ ನಿಂತಿದ್ದನ್ನ ಅವರು ಇನ್ನೊಂದು ಮನೆಗೆ ಕಳಿಸ್ತಾರೆ, ಅಷ್ಟೇ.”

“ನನ್ನ ಮಗನ್ನೂ ಇನ್ನೊಂದು ಮನೆಗೆ ಕಳಿಸ್ತಾರಾ?”

ಸೊಸೆ ಸ್ಕ್ರೂಡ್ರೈವರ್ ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು.

“ಅದು ನನಗೆ ಹೇಳೋದಿತ್ತು,” ಎಂದರು ದೊಡ್ಡಮ್ಮ. “ಅವನು ಸೆಖೆಯಿಂದ ಹೋದನಾ, ನನ್ನಿಂದ ಹೋದನಾ ಅಂತ ಹೇಳೋದಿತ್ತು. ಅದರ ಬಾಯೂ ಮುಚ್ಚಿಬಿಟ್ಟೆ.” ಹಾಗೆಂದವರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೊಸೆ ನನ್ನ ಮುಖ ನೋಡಿದಳು. ಇನ್ನು ಆಣೆ ಗೀಣೆ ಎಂದು ಕೂರುವುದರಲ್ಲಿ ಅರ್ಥವಿರಲಿಲ್ಲ. ಇದ್ದಿದ್ದನ್ನೆಲ್ಲ ಹೇಳಿದೆ. ಕೇಳಿ ಅವಳು ನೆಲದ ಮೇಲೆ, ಆ ಬಿಚ್ಚಿದ ಡಬ್ಬಿಯ ಪಕ್ಕದಲ್ಲೇ ಕೂತಳು.

ಆಮೇಲೆ ಅವಳು ಬಾಗಿಲು ತಟ್ಟಿ ಅತ್ತೆಯ ಹತ್ತಿರ ಮಾತಾಡಲು ಪ್ರಯತ್ನಪಟ್ಟಳು. ಯಂತ್ರಕ್ಕೆ ಯಾರ ತಪ್ಪನ್ನೂ ಹೇಳಲು ಬರುವುದಿಲ್ಲ ಎಂದಳು. ದೊಡ್ಡಮ್ಮ “ಹೂಂ” ಎಂದರು. ಉಳಿದ ಯಂತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಬ್ರಶ್ಶಿನ ಕೆಲಸ ಸೊಸೆಯ ಪಾಲಿಗೆ ಬಂತು. ಮೆಟ್ಟಿಲ ಮೇಲೂ ಅವರು ಕಾಣದಾದಾಗ ಬೀದಿಯ ಹೆಂಗಸರು ಮತ್ತೆ ಆಕಾಶ ನೋಡಿ ಬಟ್ಟೆ ಹಾಕತೊಡಗಿದರು.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಸೊಸೆ ಗೋಡೆ ಬಡಿದು ನನ್ನನ್ನು ಕರೆದಳು. ಆ ಬೇಸಿಗೆಯ ಫಲಿತಾಂಶ ಹೊರಬಿದ್ದಿತ್ತು. ಅತ್ತೆಯನ್ನು ಕೈಹಿಡಿದು ತಂದು ಪರದೆಯ ಮುಂದೆ ಕೂರಿಸಿದ್ದಳು. ಪರದೆಯ ಮೇಲೆ ಎರಡು ಗುಡ್ಡಗಳಂಥ ಗೆರೆಗಳು, ಒಂದು ನೀಲಿ, ಒಂದು ಕೆಂಪು.

“ನೀಲಿ ಅಂದ್ರೆ ಹೊಗೆ ಇಲ್ಲದ ಲೋಕ ಅತ್ತೆ. ಅಂಥ ಸೆಖೆ ಅದರಲ್ಲಿ ಎಲ್ಲೋ ಅಪರೂಪಕ್ಕೆ ಬಂದಿದೆ. ಕೆಂಪು ನಮ್ಮದು. ಇದರಲ್ಲಿ ಮತ್ತೆ ಮತ್ತೆ ಬಂದಿದೆ.”

ದೊಡ್ಡಮ್ಮ ನೀಲಿ ಗೆರೆಯ ಮೇಲೆ ಬೆರಳಿಟ್ಟರು. “ಅಪರೂಪಕ್ಕೆ ಅಂದ್ರೆ, ಬಂದಿದೆ ಅಂತಾಯ್ತು.”

ನಾನಾಗಿದ್ದರೆ ಇಲ್ಲ ಎಂದು ಸುಳ್ಳು ಹೇಳಿಬಿಡುತ್ತಿದ್ದೆ. ಸೊಸೆ ಹೇಳಲಿಲ್ಲ. “ಬಂದಿದೆ. ತುಂಬಾ ಕಡಿಮೆ. ಆದ್ರೆ ಬಂದಿದೆ.”

“ರಗ್ಗಿನ ಬಗ್ಗೆ?”

“ಅದು ಇದರಲ್ಲಿಲ್ಲ ಅತ್ತೆ. ಯಾರ ಮನೆ ಒಳಗಡೆ ನಡೆದಿದ್ದೂ ಇದರಲ್ಲಿಲ್ಲ.”

“ಹಾಗಾದ್ರೆ ಅದನ್ನ ಯಾರು ಹೇಳ್ಬೇಕು?”

“ಯಾರಿಗೂ ಗೊತ್ತಾಗಲ್ಲ.” ಸೊಸೆ ಸ್ಟೂಲಿನ ಪಕ್ಕದಲ್ಲಿ ನೆಲಕ್ಕೆ ಕೂತಳು. “ನಾನು ನಿಮ್ಮನ್ನ ಒಂದು ದಿನಾನೂ ಬೈದಿಲ್ಲ ಅತ್ತೆ. ಮನಸ್ಸಲ್ಲೂ ಬೈದಿಲ್ಲ. ಒಂದೇ ಒಂದು ಕೇಳ್ಬೇಕು ಅಂತ ಇಷ್ಟು ದಿನ ಒದ್ದಾಡ್ತಿದ್ದೀನಿ. ನಾನು ಇಲ್ಲೇ ಕೂತಿದ್ನಲ್ಲ. ನನ್ನ ಯಾಕೆ ಕರೀಲಿಲ್ಲ?”

ಬೈಗುಳ ಬರುತ್ತದೆ ಎಂದು ಇಷ್ಟು ಕಾಲ ಮೈ ಬಿಗಿಹಿಡಿದು ಕೂತಿದ್ದವರು ಈ ಪ್ರಶ್ನೆಗೆ ತಬ್ಬಿಬ್ಬಾದರು. “ಅವನೇ ಬೇಡ ಅಂದ,” ಎಂದರು.

“ಅವರು ಮಾತಾಡಿದ್ರಾ?”

“ಮಾತಾಡದೆ ಏನು! ನಿನ್ನ ಕರೀತೀನಿ ಅಂತ ಎದ್ದೆ. ಕೈ ಹಿಡ್ಕೊಂಡ. ‘ಬೇಡಮ್ಮ, ಅಷ್ಟುದ್ದ ಸಾಲಿದೆ, ಅವಳು ಎದ್ದು ಬಂದ್ರೆ ಅರ್ಜಿ ತಪ್ಪಿತು ಅಂತ ಅವರೆಲ್ಲಾ ನನ್ನ ಮೇಲೆ ಬೀಳ್ತಾರೆ’ ಅಂದ. ನೀನು ಇಲ್ಲಿ ಯಾರಿಗೋ ಹುಟ್ಟಿದ ತಾರೀಖು ಸರಿಯಾಗಿ ಹೇಳಿ ಅಂತ ಗದರ್ತಿದ್ದೆ. ಅದು ಒಳಗೆ ಕೇಳಿಸ್ತು. ಅವನಿಗೆ ನಗು ಬಂತು. ‘ನೋಡಮ್ಮ, ಹೇಗೆ ಗದರ್ತಾಳೆ’ ಅಂದ. ‘ಅವಳ ದನಿ ಇಲ್ಲಿಗೆ ಕೇಳುತ್ತೆ, ಅಷ್ಟು ಸಾಕು’ ಅಂದ. ಆಮೇಲೆ ಕಣ್ಣು ಮುಚ್ಚಿದ. ನಿದ್ದೆ ಬಂತು ಅಂದ್ಕೊಂಡೆ.” ದೊಡ್ಡಮ್ಮ ಮೂಗೊರೆಸಿಕೊಂಡರು. “ನಿನಗೆ ಆವಾಗಲೇ ಹೇಳ್ಬೇಕಿತ್ತು. ಹೇಳೋಕೆ ಹೋದ್ರೆ ರಗ್ಗೂ ಹೇಳ್ಬೇಕಾಗುತ್ತಲ್ಲ ಅಂತ...”

ಸೊಸೆ ಅತ್ತೆಯ ಮಡಿಲಲ್ಲಿ ಮುಖವಿಟ್ಟಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ, ಎರಡೂ ಇತ್ತು ಎಂದು ಕಾಣುತ್ತದೆ. ಹೊರಗೆ ಯಾರೋ ಪ್ರಿಂಟ್ ಬೇಕೆಂದು ಬಂದರು. ಆಮೇಲೆ ಬನ್ನಿ ಎಂದು ನಾನೇ ಅವರನ್ನು ವಾಪಸು ಕಳಿಸಿದೆ.

“ಇನ್ನೊಂದ್ಸಲ ಹೇಳಿ ಅತ್ತೆ,” ಎಂದಳು ಸೊಸೆ, ಮುಖ ಎತ್ತದೆ.

ದೊಡ್ಡಮ್ಮ ಮೊದಲಿನಿಂದ ಹೇಳಿದರು.